ಹನ್ನೆರಡನೆಯ ಲೋಟ

ಲೆಕ್ಕದ ಮೇಡಂ ಮತ್ತು ನಾನು ಒಂದೇ ವರ್ಷ ಆ ಸರ್ಕಾರಿ ಶಾಲೆಗೆ ಸೇರಿದವರು. ಅವರು ಪಾಠ ಹೇಳಲು ಬಂದರು. ನಾನು ಕಸ ಗುಡಿಸಲು, ಗಂಟೆ ಹೊಡೆಯಲು, ಹತ್ತೂವರೆಗೆ ಮಕ್ಕಳಿಗೆ ಹಾಲು ಹಂಚಲು ಬಂದೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಇಪ್ಪತ್ತೆಂಟು ವರ್ಷ ಏಳನೇ ಕ್ಲಾಸಿನ ಪಕ್ಕದ ಜಗಲಿಯಲ್ಲಿ ಕೂತು ಅವರ ಲೆಕ್ಕದ ಪಾಠ ಕೇಳಿದ್ದೇನೆ. ನೋಡಿದ್ದು ಮಾತ್ರ ಇಲ್ಲ. ಮೇಡಂ ಒಳಗೆ ಹೋದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಬಾಗಿಲು ಹಾಕಿದರೇನು, ಅವರ ದನಿ ಆಟದ ಮೈದಾನದ ಆ ತುದಿಗೂ ಮುಟ್ಟುತ್ತಿತ್ತು. ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಗುಡುಗು. "ಏ, ಗುಡುಗು ಬಂತು ಕಣ್ರೋ" ಎಂದು ಒಬ್ಬ ಹೇಳಿದರೆ ಸಾಕು, ಇಡೀ ಕ್ಲಾಸು ಪಿಟಕ್ ಎನ್ನದೆ ಕೂತುಬಿಡುತ್ತಿತ್ತು. ಆ ಹೆಸರು ಮೇಡಂಗೂ ಗೊತ್ತಿತ್ತು. ಒಮ್ಮೆ ನನ್ನ ಹತ್ತಿರ ಅಂದರು, "ಗುಡುಗು ಅಂದ್ರೆ ಅಂದ್ಕೊಳ್ಲಿ ಬಿಡು. ನನಗಿಂತ ಮುಂಚೆ ಇದ್ದೋರನ್ನ ಕತ್ತೆ ಅಂತಿದ್ರಂತೆ."

ಅವರ ಮನೆ ಶಾಲೆಯಿಂದ ಎರಡು ಬೀದಿ ಆಚೆ. ಮನೆಯಲ್ಲಿ ಅವರು ಮತ್ತು ಅವರ ಅಕ್ಕ, ಇಬ್ಬರೇ. ಅಕ್ಕನಿಗೆ ಕಣ್ಣು ಹೋಗಿ ಹದಿನೈದು ವರ್ಷವಾಗಿತ್ತು. ಮಧ್ಯಾಹ್ನ ಊಟದ ಗಂಟೆ ಹೊಡೆದ ಕೂಡಲೇ ಮೇಡಂ ಬೆರಳಿನ ಸೀಮೆಸುಣ್ಣದ ಪುಡಿಯನ್ನೂ ಒರೆಸಿಕೊಳ್ಳದೆ ಮನೆಗೆ ಓಡುವರು. ಅಕ್ಕನ ತಟ್ಟೆಗೆ ಬಡಿಸಿ, ಯಾವುದು ಎಲ್ಲಿದೆ ಎಂದು ಹೇಳಿ, ಮುಗಿಯುವ ತನಕ ಎದುರು ಕೂತು, ತಮ್ಮ ಊಟವನ್ನು ನಿಂತುಕೊಂಡೇ ಮುಗಿಸಿ, ನಲವತ್ತು ನಿಮಿಷದಲ್ಲಿ ವಾಪಸು ಬರುವರು. ದೊಡ್ಡ ಶಾಲೆಗೆ ಬಡ್ತಿ ಕೊಡುತ್ತೇವೆಂದು ಎರಡು ಸಲ ಆದೇಶ ಬಂದಿತ್ತು. ಎರಡು ಸಲವೂ ಬೇಡ ಎಂದು ಬರೆದು ಕಳಿಸಿದರು. ಯಾಕೆ ಎಂದು ಕೇಳಿದವರಿಗೆ "ನನಗೆ ಬಸ್ಸು ಆಗಿಬರಲ್ಲ" ಎನ್ನುತ್ತಿದ್ದರು. ಅಕ್ಕನ ಸುದ್ದಿಯನ್ನು ಶಾಲೆಯಲ್ಲಿ ಯಾರ ಮುಂದೆಯೂ ಎತ್ತಿದವರಲ್ಲ. ನನಗೆ ಗೊತ್ತಾಗಿದ್ದೂ ಒಂದು ದಿನ ಅವರು ಮರೆತು ಹೋದ ಕೊಡೆಯನ್ನು ಕೊಡಲು ಮನೆಗೆ ಹೋದಾಗ.

ಅವರಿಗೆ ಇನ್ನು ಎರಡು ವರ್ಷದ ಸರ್ವಿಸು ಇದ್ದಾಗ ಶಾಲೆಗೆ ಹೊಸ ಹೆಡ್ ಮೇಡಂ ಬಂದರು. ನಲವತ್ತು ದಾಟಿರದ, ಸಣ್ಣ ಮೈಕಟ್ಟಿನ ಹೆಂಗಸು. ದನಿಯೂ ಸಣ್ಣದು. ಬೆಳಿಗ್ಗೆ ನನಗಿಂತ ಮುಂಚೆ ಬಂದು ಗೇಟಿನ ಹತ್ತಿರ ನಿಲ್ಲುವರು. ಒಳಗೆ ಬರುವ ಒಂದೊಂದು ಮಗುವನ್ನೂ ಹೆಸರು ಹಿಡಿದು ಮಾತಾಡಿಸುವರು. ಎಂಬತ್ತು ಮಕ್ಕಳ ಹೆಸರು ಹತ್ತು ದಿನದಲ್ಲಿ ಅವರ ಬಾಯಲ್ಲಿತ್ತು. ತಡವಾಗಿ ಬಂದವರನ್ನು ಬೈಯುತ್ತಿರಲಿಲ್ಲ. "ನೀನಿಲ್ದೆ ಬೆಲ್ ಹೊಡಿಯೋಕೆ ಅಜ್ಜಿಗೆ ಮನಸ್ಸೇ ಬರ್ಲಿಲ್ಲ ನೋಡು" ಎಂದು ನನ್ನನ್ನು ತೋರಿಸುವರು. ಮಾರನೇ ದಿನ ಆ ಮಗು ಮೊದಲೇ ಬಂದು ನನ್ನ ಕೈಯಿಂದ ಗಂಟೆಯ ಕೋಲು ಕಿತ್ತುಕೊಳ್ಳುತ್ತಿತ್ತು.

ಅದೆಲ್ಲ ಸರಿ. ಆಮೇಲೆ ಅವರು ಎರಡು ನಿಯಮ ತಂದರು. ಯಾವ ಕ್ಲಾಸಿನ ಬಾಗಿಲನ್ನೂ ಮುಚ್ಚಬಾರದು. ವಾರಕ್ಕೆ ಒಂದು ಪೀರಿಯಡ್ಡು ಪ್ರತಿ ಟೀಚರೂ ಇನ್ನೊಬ್ಬರ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರಬೇಕು.

ಸ್ಟಾಫ್ ರೂಮಿನಲ್ಲಿ ಆ ದಿನ ನಾನು ಚಹಾ ಲೋಟ ತೊಳೆಯುತ್ತಿದ್ದೆ. ಲೆಕ್ಕದ ಮೇಡಂ ಮುಖ ಕೆಂಪಾಗಿತ್ತು.

"ನನ್ನ ಕ್ಲಾಸಲ್ಲಿ ಬಂದು ಕೂತ್ಕೊಳ್ಳೋಕೆ ನಾನೇನು ಸರ್ಕಸ್ ಆನೇನಾ?"

ಒಂದನೇ ಕ್ಲಾಸಿನ ಮೇಷ್ಟ್ರು ನಗುತ್ತಾ ಅಂದರು, "ಮೇಡಂ, ನಿಮ್ಮ ಕ್ಲಾಸಿಗೆ ಬರೋಕೆ ನಮಗೇ ಭಯ. ಅಪ್ಪಿತಪ್ಪಿ ಎಲ್ಲಾದ್ರೂ ಮಗ್ಗಿ ಕೇಳಿಬಿಟ್ರೆ?"

"ಕೇಳಿದ್ರೆ ಬರುತ್ತಾ ನಿನಗೆ?"

"ಹದಿನೇಳರ ತನಕ ಬರುತ್ತೆ. ಆಮೇಲೆ ಹೊಟ್ಟೆನೋವು ಬರುತ್ತೆ."

ಎಲ್ಲರೂ ನಕ್ಕರು, ಮೇಡಂ ಒಬ್ಬರನ್ನು ಬಿಟ್ಟು. ಹೆಡ್ ಮೇಡಂ ಮಾತ್ರ ತಣ್ಣಗೆ, "ಮೊದಲು ನನ್ನ ಕ್ಲಾಸಿಗೆ ನೀವು ಬನ್ನಿ ಮೇಡಂ. ತಪ್ಪು ಸಿಕ್ಕಿದ್ರೆ ಹೇಳಿ, ಸಿಕ್ಕೇ ಸಿಗುತ್ತೆ" ಅಂದರು. ಲೆಕ್ಕದ ಮೇಡಂ ಹೋಗಲಿಲ್ಲ. ಬಾಗಿಲನ್ನು ಮುಚ್ಚುವುದು ಬಿಟ್ಟರು, ಅಷ್ಟೆ. ಅದೂ ಪೂರ್ತಿಯಲ್ಲ, ಒಂದು ಗೇಣು ತೆರೆದಿಟ್ಟರು.

ಆ ಸಂದಿನಿಂದಲೇ ನಾನು ಮೊದಲ ಸಲ ಅವರ ಕ್ಲಾಸು ನೋಡಿದ್ದು. ಮಕ್ಕಳು ತಲೆ ಎತ್ತದೆ ಕೂತಿದ್ದರು. ಮೇಡಂ ಬೋರ್ಡಿನ ಮೇಲೆ ಬರೆಯುವುದು, ಅವರು ಇಳಿಸಿಕೊಳ್ಳುವುದು. ಪ್ರಶ್ನೆ ಕೇಳಿದರೆ ಉತ್ತರವನ್ನೂ ಮೇಡಂ ಅವರೇ ಹೇಳಿಬಿಡುವರು.

ಹೀಗಿರುವಾಗ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ಏಳನೇ ಕ್ಲಾಸಿನಲ್ಲಿ ಹದಿನೆಂಟು ಮಕ್ಕಳು ಇರಲೇಬೇಕು. ಒಂದು ತಲೆ ಕಡಿಮೆಯಾದರೂ ಈ ಅರ್ಧ ವರ್ಷದ ಅವಧಿ ಮುಗಿದ ಮೇಲೆ ಆ ಕ್ಲಾಸನ್ನು ದೊಡ್ಡ ರಸ್ತೆಯ ಆಚೆಗಿನ ಶಾಲೆಗೆ ಸೇರಿಸುತ್ತೇವೆ, ಲೆಕ್ಕದ ಟೀಚರನ್ನೂ ಅಲ್ಲಿಗೇ ಹಾಕುತ್ತೇವೆ ಎಂದು. ಆಗ ಕ್ಲಾಸಿನಲ್ಲಿದ್ದವರು ಇಪ್ಪತ್ತೊಂದು ಮಂದಿ. ಹೆದರುವ ಕಾರಣ ಇರಲಿಲ್ಲ, ಆ ವಾರವೇ ನಾಲ್ಕು ಮನೆಯವರು ಟಿ.ಸಿ. ಕೇಳದೆ ಹೋಗಿದ್ದರೆ. ದರ್ಜಿ, ಬಸ್ ಕಂಡಕ್ಟರು, ಔಷಧಿ ಅಂಗಡಿಯ ಅಮ್ಮ, ಮತ್ತೆ ನಮ್ಮ ಶಾಲೆಗೆ ಹಾಲು ಹಾಕುವ ಹಾಲಿನಣ್ಣ. ಎಲ್ಲರದೂ ಒಂದೇ ದೂರು: ಮಕ್ಕಳಿಗೆ ಲೆಕ್ಕ ಹತ್ತುತ್ತಿಲ್ಲ, ಶಾಲೆಯೆಂದರೆ ಹೊಟ್ಟೆನೋವು ಅನ್ನುತ್ತವೆ.

ನಾಲ್ವರೂ ಹೋದರೆ ಹದಿನೇಳು. ಒಬ್ಬರು ಉಳಿದರೂ ಹದಿನೆಂಟು.

ದೊಡ್ಡ ರಸ್ತೆಯ ಆಚೆಗಿನ ಶಾಲೆಗೆ ಎರಡು ಬಸ್ಸು ಬದಲಿಸಬೇಕು. ಮಧ್ಯಾಹ್ನ ಮನೆಗೆ ಬಂದು ಹೋಗುವ ಮಾತೇ ಇಲ್ಲ. ಪತ್ರ ಓದಿದ ದಿನ ಲೆಕ್ಕದ ಮೇಡಂ ಹಾಲಿನ ಕೋಣೆಗೆ ಬಂದು, ನಾನು ಮಗುಚಿಟ್ಟಿದ್ದ ಬಕೆಟ್ಟಿನ ಮೇಲೆ ಕೂತರು. ಆಮೇಲೆ, "ಅಕ್ಕಂಗೆ ನಾನು ಇನ್ನೂ ಹೇಳಿಲ್ಲ ಕಣೆ" ಅಂದರು.

ಹಾಲಿನಣ್ಣನಿಗೆ ಇನ್ನೊಂದು ಸಿಟ್ಟೂ ಇತ್ತು. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಂಬತ್ತು ಮಕ್ಕಳಿಗೆ ತಲೆಗೆ ಕಾಲು ಲೀಟರಿನಂತೆ ದಿನಕ್ಕೆ ಇಪ್ಪತ್ತು ಲೀಟರು ಹಾಲು. ಆದರೆ ನಾನು ಹಂಚಿಕೊಂಡು ಬಂದರೆ ಏಳನೇ ಕ್ಲಾಸಿನ ಕೊನೆಯ ಆರೇಳು ಮಕ್ಕಳ ಹೊತ್ತಿಗೆ ಕ್ಯಾನಿನ ತಳ ಕಾಣುತ್ತಿತ್ತು. ಆರು ವರ್ಷದಿಂದ ಇದೇ ಹಾಡು. ಹಾಲಿನ ಉಸ್ತುವಾರಿ ಲೆಕ್ಕದ ಮೇಡಂ ಕೈಯಲ್ಲಿದ್ದುದರಿಂದ, ಹಾಲು ಕಡಿಮೆ ಹಾಕುತ್ತಿದ್ದೀರಿ ಎಂದು ಅವರೇ ಹಾಲಿನಣ್ಣನಿಗೆ ಮೂರು ನಾಲ್ಕು ಸಲ ಕಾಗದ ಬರೆದಿದ್ದರು. ಅವನು ಪ್ರತಿ ಸಲವೂ ಬಂದು ಕ್ಯಾನು ತೋರಿಸಿ, ಆಣೆ ಮಾಡಿ, ಬೈಸಿಕೊಂಡು ಹೋಗುವನು. ಅವನ ಮಗಳು ಅದೇ ಏಳನೇ ಕ್ಲಾಸಿನಲ್ಲಿದ್ದಳು. ಹುಡುಗರು ಅವಳನ್ನು "ಅರ್ಧ ಕ್ಯಾನು" ಎಂದು ಕರೆಯುತ್ತಿದ್ದರು.

ಅವಳಿಗೆ ಟೀಚರುಗಳು ಇಟ್ಟಿದ್ದ ಹೆಸರು ಬೇರೆ: ಯಾಕೆ. ಬಾಯಿ ತೆರೆದರೆ ಅದೇ ಮಾತು. ಗಂಟೆ ಯಾಕೆ ದುಂಡಗಿದೆ ಅಜ್ಜಿ, ಸೀಮೆಸುಣ್ಣ ಯಾಕೆ ಕಿರುಗುಟ್ಟುತ್ತೆ ಅಜ್ಜಿ. ಕ್ಲಾಸಿನಲ್ಲಿ ಮಾತ್ರ ಮೂಗಿ. ಅಂಥವಳು ಒಂದು ದಿನ ಧೈರ್ಯ ಮಾಡಿಬಿಟ್ಟಳು. ಮೇಡಂ ಭಿನ್ನರಾಶಿಯ ಭಾಗಾಕಾರ ಹೇಳಿಕೊಡುತ್ತಿದ್ದರು. ಭಿನ್ನರಾಶಿಯಿಂದ ಭಾಗಿಸಬೇಕಾದರೆ ಅದನ್ನು ತಲೆಕೆಳಗು ಮಾಡಿ ಗುಣಿಸಬೇಕು. "ತಿರುಗಿಸು, ಗುಣಿಸು" ಎಂದು ಕ್ಲಾಸೆಲ್ಲ ಒಟ್ಟಿಗೆ ಕೂಗುತ್ತಿತ್ತು. ಕೂಗು ನಿಂತಾಗ ಒಂದು ಸಣ್ಣ ದನಿ ಕೇಳಿತು.

"ಯಾಕೆ ತಿರುಗಿಸ್ಬೇಕು ಮೇಡಂ?"

"ಯಾಕೆ ಅಂದ್ರೆ ಹಾಗೇ ಇರೋದು!"

"ಭಾಗ ಮಾಡಿದ್ರೆ ಕಡಿಮೆ ಆಗ್ಬೇಕಲ್ವಾ ಮೇಡಂ? ಇದು ಜಾಸ್ತಿ ಆಗುತ್ತಲ್ಲ?"

"ಎದ್ದು ಆಚೆ ನಿಂತ್ಕೋ!"

ಹುಡುಗಿ ಬಂದು ನನ್ನ ಪಕ್ಕ ನಿಂತಳು. ಅಳಲಿಲ್ಲ. "ಅಜ್ಜಿ, ಮೇಡಂಗೆ ಯಾಕೆ ಸಿಟ್ಟು ಬಂತು?" ಎಂದು ನನ್ನನ್ನೇ ಕೇಳಿದಳು.

ಅಂದು ಸಂಜೆ ಮಕ್ಕಳು ಹೋದ ಮೇಲೆ ಮೇಡಂ ಮತ್ತೆ ಬಂದು ಬಕೆಟ್ಟಿನ ಮೇಲೆ ಕೂತರು. "ಆ ಹುಡುಗಿ ಕೇಳಿದ್ದು ಕೇಳಿಸ್ತಾ ನಿನಗೆ?"

"ಕೇಳಿಸ್ತಮ್ಮ."

"ಅದಕ್ಕೆ ಉತ್ತರ ನನಗೂ ಗೊತ್ತಿಲ್ಲ." ದನಿ ತೀರಾ ಸಣ್ಣದಾಗಿತ್ತು. ಅವರದೇ ದನಿಯೋ ಅಲ್ಲವೋ ಎನ್ನುವ ಹಾಗೆ. "ನನ್ನ ಮೇಷ್ಟ್ರು ತಿರುಗಿಸು ಅಂದ್ರು, ತಿರುಗಿಸಿದೆ. ಇಪ್ಪತ್ತೆಂಟು ವರ್ಷದಿಂದ ತಿರುಗಿಸ್ತಾನೇ ಇದ್ದೀನಿ. ಯಾರಾದ್ರೂ ಬಂದು ನೋಡಿಬಿಡ್ತಾರೆ ಅಂತಾನೇ ಬಾಗಿಲು ಹಾಕ್ಕೊತಿದ್ದೆ ಅನ್ಸುತ್ತೆ."

ನಾನು ಲೋಟ ಒರೆಸುತ್ತಾ ಇದ್ದೆ. ಅವರು ಸುಮ್ಮನೆ ನನ್ನ ಕೈ ನೋಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ಕೇಳಿದರು, "ಮೂರು ಲೀಟರ್ ಹಾಲು, ಒಬ್ಬರಿಗೆ ಕಾಲು ಲೀಟರ್. ಎಷ್ಟು ಜನಕ್ಕೆ ಕೊಡ್ತೀಯ?"

"ಹನ್ನೆರಡು ಜನಕ್ಕೆ."

"ಹೇಗೆ ಹೇಳಿದೆ?"

"ಹೇಗೆ ಅಂದ್ರೆ? ಒಂದು ಲೀಟರಿಗೆ ನಾಲ್ಕು ಜನ. ಮೂರು ಲೀಟರಿಗೆ ಹನ್ನೆರಡು."

ಮೇಡಂ ಎದ್ದು ನಿಂತರು. "ಕಾಲನ್ನ ತಿರುಗಿಸಿ ನಾಲ್ಕು ಮಾಡಿ ಗುಣಿಸಿದೆಯಲ್ಲೇ!"

"ಅಯ್ಯೋ, ನಾನೇನೂ ತಿರುಗಿಸ್ಲಿಲ್ಲಮ್ಮ" ಎಂದೆ. ನಿಜವಾಗಿಯೂ ಹೆದರಿದ್ದೆ.

ಮಾರನೇ ದಿನ ಬೆಳಿಗ್ಗೆ ಅವರು ನೆಟ್ಟಗೆ ಹೋಗಿ ಒಂದನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತರಂತೆ. ಪುಟ್ಟ ಮಕ್ಕಳ ಬೆಂಚು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಒಂದನೇ ಕ್ಲಾಸಿನ ಮೇಷ್ಟ್ರಿಗೆ ಮಾತೇ ತೊದಲಿತಂತೆ. ಪೀರಿಯಡ್ಡು ಮುಗಿಸಿಕೊಂಡು ಬಂದ ಮೇಡಂ ನನಗೆ ಹೇಳಿದ್ದು ಒಂದೇ ಸಂಗತಿ: "ಅವನು ಕಾಯ್ತಾನೆ ಕಣೆ. ಪ್ರಶ್ನೆ ಕೇಳಿ ಬಾಯಿ ಮುಚ್ಕೊಂಡು ನಿಲ್ತಾನೆ. ಮಕ್ಕಳು ಯೋಚ್ನೆ ಮಾಡ್ತಿರೋದು ಮುಖದಲ್ಲೇ ಕಾಣುತ್ತೆ. ನನಗೆ ಮೂರು ಸೆಕೆಂಡ್ ತಡಿಯೋಕಾಗಲ್ಲ."

ಆಮೇಲೆ ದಿನಾ ಒಂದೊಂದು ಕ್ಲಾಸು. ಹೆಡ್ ಮೇಡಂ ಕ್ಲಾಸಿಗೂ ಹೋದರು. ತಪ್ಪೂ ಹುಡುಕಿದರು: "ನೀವು ಬೋರ್ಡಿಗೆ ಅಡ್ಡ ನಿಲ್ತೀರಿ, ಎಡಗಡೆ ಮಕ್ಕಳಿಗೆ ಏನೂ ಕಾಣಲ್ಲ." ಹೆಡ್ ಮೇಡಂ ಅದನ್ನು ಅಲ್ಲೇ ಪುಸ್ತಕದಲ್ಲಿ ಬರೆದುಕೊಂಡರು. ಮರುದಿನದಿಂದ ಪಕ್ಕಕ್ಕೆ ನಿಂತರು. ಅದನ್ನು ನೋಡಿ ಲೆಕ್ಕದ ಮೇಡಂ ಒಂದು ಥರ ಆದರು. ತನ್ನ ಮಾತಿಗೆ ಒಬ್ಬರು ಬದಲಾಗುತ್ತಾರೆ ಎನ್ನುವುದು ಅವರಿಗೆ ಹೊಸದಿರಬೇಕು.

ಕಾಯುವುದನ್ನು ಅವರು ಅಭ್ಯಾಸ ಮಾಡಿದ್ದು ನನ್ನ ಮೇಲೆ. ಹಾಲಿನ ಕೋಣೆಗೆ ಬಂದು ಏನಾದರೂ ಪ್ರಶ್ನೆ ಹಾಕಿ, ಬೆನ್ನ ಹಿಂದೆ ಬೆರಳು ಮಡಚುತ್ತಾ ಹತ್ತರ ತನಕ ಎಣಿಸುವರು. ಆರಕ್ಕೋ ಏಳಕ್ಕೋ ತಡೆಯಲಾರದೆ, "ಅಯ್ಯೋ, ಹೇಳೇ ಬೇಗ!" ಎಂದುಬಿಡುವರು. ಇಬ್ಬರೂ ನಗುತ್ತಿದ್ದೆವು. ಕ್ಲಾಸಿನಲ್ಲೂ ಮೊದಮೊದಲು ಹಾಗೇ ಆಯಿತು. ಮೇಡಂ ಸುಮ್ಮನೆ ನಿಂತರೆ ಮಕ್ಕಳಿಗೆ ಭಯ. ಇದು ಯಾವ ಹೊಸ ಶಿಕ್ಷೆಯೋ ಎಂದು ಒಬ್ಬರ ಮುಖ ಒಬ್ಬರು ನೋಡುವರು. ಎರಡು ವಾರ ಬೇಕಾಯಿತು, ಮೊದಲ ಕೈ ಮೇಲೇಳಲು.

ಅಷ್ಟರಲ್ಲಿ ಹೆಡ್ ಮೇಡಂ ಟಿ.ಸಿ. ಕೇಳಿದ ನಾಲ್ಕು ಮನೆಯವರ ಹತ್ತಿರ ಒಂದು ಮಾತು ತೆಗೆದುಕೊಂಡಿದ್ದರು. ಒಂದು ದಿನ ಬಂದು ಒಂದು ಪೀರಿಯಡ್ಡು ಕ್ಲಾಸಿನಲ್ಲಿ ಕೂರಿ. ಆಮೇಲೂ ಬೇಕೆಂದರೆ ಆ ಕ್ಷಣವೇ ಟಿ.ಸಿ. ಬರೆದುಕೊಡುತ್ತೇನೆ ಎಂದು.

ಲೆಕ್ಕದ ಮೇಡಂ ಆ ದಿನಕ್ಕೆ ಆರಿಸಿಕೊಂಡದ್ದು ಭಿನ್ನರಾಶಿಯ ಭಾಗಾಕಾರವನ್ನೇ. "ಸುಲಭದ್ದು ಯಾವುದಾದ್ರೂ ಮಾಡ್ಬಾರ್ದಾ ಮೇಡಂ?" ಎಂದು ಹೆಡ್ ಮೇಡಂ ಕೇಳಿದ್ದಕ್ಕೆ, "ಆ ಹುಡುಗಿಗೆ ಒಂದು ಉತ್ತರ ಬಾಕಿ ಇದೆ" ಅಂದರು. ನನ್ನ ಹತ್ತಿರ ಲೀಟರಿನ ಅಳತೆ, ನಾನು ಹಾಲು ಹಂಚುವ ಕಾಲು ಲೀಟರಿನ ಡಬ್ಬ, ಹನ್ನೆರಡು ದೊಡ್ಡ ಲೋಟ ಕೇಳಿದರು. ಹಾಲು ಬೇಡ, ನೀರೇ ಸಾಕು ಎಂದರು. ನಾನು ಎಲ್ಲವನ್ನೂ ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿಕೊಟ್ಟೆ.

ಆ ದಿನ ಬೆಳಿಗ್ಗೆ ದರ್ಜಿ, ಕಂಡಕ್ಟರು, ಔಷಧಿ ಅಂಗಡಿಯ ಅಮ್ಮ ಹಿಂದಿನ ಬೆಂಚಿನಲ್ಲಿ ಇಕ್ಕಟ್ಟಾಗಿ ಕೂತರು. ಹಾಲಿನಣ್ಣ ಒಳಗೆ ಬರಲಿಲ್ಲ. "ನಾನು ಇಲ್ಲೇ ನಿಲ್ತೀನಿ" ಎಂದು ಬಾಗಿಲ ಚೌಕಟ್ಟಿಗೆ ಒರಗಿ ಕೈಕಟ್ಟಿಕೊಂಡ. ನಾನು ಅವನ ಹಿಂದೆ, ಜಗಲಿಯಲ್ಲಿ.

ಮೇಡಂ ಲೀಟರಿನ ಅಳತೆಯಿಂದ ಮೂರು ಸಲ ನೀರು ಅಳೆದು ಪಾತ್ರೆಗೆ ಸುರಿದರು. ಹನ್ನೆರಡು ಲೋಟ ಮೇಜಿನ ಮೇಲೆ ಸಾಲಾಗಿದ್ದವು. "ಒಂದು ಲೋಟಕ್ಕೆ ಒಂದು ಡಬ್ಬ, ಅಂದ್ರೆ ಕಾಲು ಲೀಟರ್. ಎಷ್ಟು ಲೋಟಕ್ಕೆ ಬರುತ್ತೆ?" ಕೇಳಿ ನಿಂತರು. ಬೆನ್ನ ಹಿಂದೆ ಬೆರಳು ಮಡಚುವುದು ನನಗೆ ಕಾಣುತ್ತಿತ್ತು. ಎಂಟಕ್ಕೆ ಒಂದು ಕೈ ಎದ್ದಿತು, ಆಮೇಲೆ ನಾಲ್ಕು, ಆಮೇಲೆ ಹತ್ತು. ಹನ್ನೆರಡು, ಹನ್ನೆರಡು ಎಂದು ಮಕ್ಕಳು. ಒಬ್ಬನನ್ನು ಕರೆದು ಯಾಕೆ ಹನ್ನೆರಡು ಎಂದು ಹೇಳಿಸಿದರು. ಲೀಟರಿಗೆ ನಾಲ್ಕು ಎಂದು ಅವನು ಹೇಳುವಾಗ ಕಂಡಕ್ಟರು ತನಗೆ ತಾನೇ ತಲೆಯಾಡಿಸುತ್ತಿದ್ದರು.

"ಸರಿ, ಸುರಿದು ನೋಡೋಣ" ಎಂದು ಮೇಡಂ ಹಾಲಿನಣ್ಣನ ಮಗಳ ಕೈಗೆ ಡಬ್ಬ ಕೊಟ್ಟರು.

ಒಂದು, ಎರಡು ಎಂದು ಕ್ಲಾಸೆಲ್ಲ ಎಣಿಸಿತು. ಹತ್ತು. ಹನ್ನೊಂದು. ಹನ್ನೆರಡನೆಯ ಲೋಟಕ್ಕೆ ಪಾತ್ರೆಯನ್ನೇ ಎತ್ತಿ ಬಗ್ಗಿಸಿದರೆ ನಾಲ್ಕು ಹನಿ ಬಿತ್ತು.

ದರ್ಜಿ ಔಷಧಿ ಅಂಗಡಿಯ ಅಮ್ಮನ ಕಡೆ ತಿರುಗಿ ಮೆಲ್ಲಗೆ ನಕ್ಕಿದ್ದು ನನಗೆ ಕಂಡಿತು. ಮೇಡಂ ಕತ್ತಿನ ತನಕ ಕೆಂಪಾದರು. ಆ ಬಣ್ಣ ನನಗೆ ಗೊತ್ತಿತ್ತು. ಅದರ ಹಿಂದೆಯೇ ಗುಡುಗು. ನೀರು ಚೆಲ್ಲಿದೆಯಲ್ಲೇ ಎಂದು ಹುಡುಗಿಯ ಮೇಲೆ ಹರಿಹಾಯ್ದರೆ ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಮೇಡಂ ಮೇಜನ್ನು ಹಿಡಿದುಕೊಂಡರು. ಆಮೇಲೆ, "ಯಾಕೆ ಹೀಗಾಯ್ತು? ನನಗೆ ಗೊತ್ತಿಲ್ಲ. ನೀವೇ ಹೇಳಿ" ಅಂದರು.

ಮಕ್ಕಳು ಒಂದು ಗಳಿಗೆ ನಂಬಲಿಲ್ಲ. ಮೇಡಂ ಬಾಯಿಂದ ಆ ಮಾತು ಅವರು ಕೇಳಿದವರೇ ಅಲ್ಲ. ಆಮೇಲೆ ಶುರುವಾಯಿತು ನೋಡಿ.

"ನೀರು ಚೆಲ್ಲಿದೆ ಮೇಡಂ!"

"ಎಲ್ಲೋ ಚೆಲ್ಲಿದೆ? ಮೇಜು ಒಣಗಿದೆ, ಕಣ್ಣು ಬಿಟ್ಟು ನೋಡು!"

"ನೀವು ಎರಡೇ ಲೀಟರ್ ಹಾಕಿರ್ಬೇಕು ಮೇಡಂ."

"ಎರಡಾದ್ರೆ ಎಂಟೇ ಲೋಟ ಬರ್ಬೇಕಿತ್ತು ಕಣೋ ದಡ್ಡ."

"ಪುಸ್ತಕಾನೇ ತಪ್ಪು!"

ಮೇಡಂ ಯಾರಿಗೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಅದನ್ನ ಹೇಗೆ ಗೊತ್ತುಮಾಡೋದು?" ಎಂದು ಒಬ್ಬೊಬ್ಬರನ್ನೂ ಕೇಳಿದರು. ಹಾಲಿನಣ್ಣನ ಮಗಳು ಮಾತ್ರ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಮೇಡಂ, ಇದು ಕಾಲು ಲೀಟರ್ ಅಂತ ಯಾರು ಹೇಳಿದ್ದು?"

"ಯಾರು ಹೇಳಿದ್ದು ಅಂದ್ರೆ..." ಮೇಡಂ ಮಾತು ನಿಲ್ಲಿಸಿದರು.

"ಕಾಲು ಲೀಟರ್ ಆದ್ರೆ ನಾಲ್ಕು ಸಲ ಸುರಿದ್ರೆ ಲೀಟರ್ ಅಳತೆ ಸರಿಯಾಗಿ ತುಂಬ್ಬೇಕು. ನೋಡೋಣ್ವಾ?"

ತುಂಬಿದ ಲೋಟಗಳ ನೀರನ್ನು ಪಾತ್ರೆಗೆ ಮರಳಿ ಸುರಿದು ಅವಳು ಅಳೆಯತೊಡಗಿದಳು. ಹಿಂದಿನ ಬೆಂಚಿನ ಮಕ್ಕಳು ಎದ್ದು ಮೇಜಿನ ಸುತ್ತ ಮುತ್ತಿದರು. ಕಂಡಕ್ಟರೂ ಎದ್ದು ಬಂದು ಮಕ್ಕಳ ತಲೆಯ ಮೇಲಿಂದ ಬಗ್ಗಿ ನೋಡಿದರು. ಒಂದು ಡಬ್ಬ. ಎರಡು. ಮೂರು. ನಾಲ್ಕನೆಯದು ಇನ್ನೂ ಪೂರ್ತಿ ಬಗ್ಗಿಸಿರಲಿಲ್ಲ, ಅಳತೆ ತುಂಬಿ ನೀರು ಅಂಚಿನಿಂದ ಉಕ್ಕಿ ಮೇಜಿನ ಮೇಲೆ ಹರಿಯಿತು. ಕ್ಲಾಸೆಲ್ಲ "ಹೋ" ಎಂದಿತು.

"ಡಬ್ಬ ದೊಡ್ಡದು! ಕಾಲಿಗಿಂತ ಜಾಸ್ತಿ ಹಿಡಿಯುತ್ತೆ!"

ಅಷ್ಟೂ ತಲೆಗಳು ಬಾಗಿಲ ಕಡೆ, ನನ್ನ ಕಡೆ ತಿರುಗಿದ್ದವು.

"ಅಜ್ಜಿ, ಈ ಡಬ್ಬ ಎಲ್ಲಿಂದ ಬಂತು?" ಮೇಡಂ ಕೇಳಿದರು. ನನ್ನನ್ನು ಅವರು ಅಜ್ಜಿ ಎಂದದ್ದು ಅದೇ ಮೊದಲು, ಮಕ್ಕಳ ಬಾಯಿಂದ ಅಂಟಿಕೊಂಡಿರಬೇಕು.

ಹೇಳಿದೆ. ಆರು ವರ್ಷದ ಹಿಂದೆ ಹಳೆಯ ಡಬ್ಬದ ತಳ ತೂತಾಗಿ, ತಗಡಿನ ಕೆಲಸದವನ ಹತ್ತಿರ ಹೊಸದು ಮಾಡಿಸಿದ್ದೆ. ಎಷ್ಟು ದೊಡ್ಡದಿರಲಿ ಎಂದು ಅವನು ಕೇಳಿದಾಗ, ಬೆಳೆಯುವ ಮಕ್ಕಳು, ಒಂದು ಬೆರಳು ಎತ್ತರವೇ ಇರಲಿ ಎಂದಿದ್ದೆ. ಎಲ್ಲರಿಗೂ ಒಂದೊಂದು ಗುಟುಕು ಹೆಚ್ಚು ಹೋಗುತ್ತದೆ ಎಂದು ಸಂತೋಷಪಟ್ಟಿದ್ದೆ. ಆ ಗುಟುಕು ಕೊನೆಯ ಏಳು ಮಕ್ಕಳ ಲೋಟದಿಂದ ಬರುತ್ತಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಅದು ಏಳೇ ಮಕ್ಕಳು ಎಂದು ಲೆಕ್ಕ ಹಾಕಿದ್ದೂ ಆ ಹುಡುಗಿಯೇ. ಮೂರು ಲೀಟರಿಗೆ ಹನ್ನೊಂದು ಡಬ್ಬ ಆದರೆ ಇಪ್ಪತ್ತು ಲೀಟರಿಗೆ ಎಷ್ಟು? ಮೇಡಂ ಸೀಮೆಸುಣ್ಣ ಅವಳ ಕೈಗೆ ಕೊಟ್ಟು ಪಕ್ಕಕ್ಕೆ ನಿಂತರು. ಅವಳು ಬರೆದು, ಅಳಿಸಿ, ಮತ್ತೆ ಬರೆದು, ಎಪ್ಪತ್ಮೂರು ಡಬ್ಬ ತುಂಬಿ ಸ್ವಲ್ಪ ಉಳಿಯುತ್ತದೆ ಎಂದಳು. ಎಂಬತ್ತರಲ್ಲಿ ಎಪ್ಪತ್ಮೂರು ಹೋದರೆ ಏಳು. ಬೋರ್ಡಿಗೆ ಬೆನ್ನು ಹಾಕಿ ಅವಳು ಬಾಗಿಲ ಕಡೆ ನೋಡಿದಳು.

"ಅಪ್ಪ ಸರಿಯಾಗೇ ಹಾಕ್ತಿದ್ದಾರೆ ಮೇಡಂ."

"ಅರ್ಧ ಕ್ಯಾನು" ಎನ್ನುತ್ತಿದ್ದ ಹುಡುಗರು ನೆಲ ನೋಡುತ್ತಿದ್ದರು. ಹಾಲಿನಣ್ಣ ಕಟ್ಟಿದ್ದ ಕೈ ಬಿಚ್ಚಿದ, ಮತ್ತೆ ಕಟ್ಟಿಕೊಂಡ. ಎಲ್ಲಿ ಇಡಬೇಕೋ ಅವನಿಗೆ ತಿಳಿಯಲಿಲ್ಲ.

ಮೇಡಂ ಬಾಗಿಲ ತನಕ ನಡೆದು ಬಂದು ಅವನ ಎದುರು ನಿಂತರು. "ಕಾಗದ ಬರೆದೋಳು ನಾನು. ಒಂದು ಸಲನೂ ಅಳೆದು ನೋಡ್ಲಿಲ್ಲ. ಲೆಕ್ಕದ ಟೀಚರ್ ಆಗಿ ಅಳೆದು ನೋಡ್ಲಿಲ್ಲ. ತಪ್ಪಾಯ್ತು." ಆಮೇಲೆ ಹಿಂದಕ್ಕೆ ತಿರುಗಿ ಹುಡುಗಿಗೂ ಅದನ್ನೇ ಹೇಳಿದರು, "ಅವತ್ತು ನಿನ್ನನ್ನ ಆಚೆ ನಿಲ್ಸಿದ್ದೂ ತಪ್ಪು. ನೀನು ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ."

ಹಾಲಿನಣ್ಣ ಬಾಗಿಲ ಚೌಕಟ್ಟು ಬಿಟ್ಟು ನೆಟ್ಟಗೆ ನಿಂತ. "ಟೀಚರಮ್ಮ, ನಾನು ಟಿ.ಸಿ. ತಗೊಂಡ್ಹೋಗೋಕೇ ಬಂದಿದ್ದು."

"ಗೊತ್ತು."

"ಬೇರೆ ಶಾಲೇಲಿ ಮಾತಾಡಿನೂ ಆಗಿದೆ."

"ಅದೂ ಗೊತ್ತು."

ಅವನು ಬೋರ್ಡಿನ ಕಡೆ ನೋಡಿದ. "ಆ ಎಪ್ಪತ್ಮೂರು ಹೇಗೆ ಬಂತು ಅಂತ ನನಗೆ ಪೂರ್ತಿ ತಿಳೀಲಿಲ್ಲ. ಇನ್ನೊಂದು ಸಲ ಹೇಳಿಸ್ತೀರಾ?"

"ಒಳಗೆ ಬಂದು ಕೂತ್ಕೊಳ್ಳಿ ಮತ್ತೆ" ಎಂದರು ಮೇಡಂ.

ಅವನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಂಡಕ್ಟರ ಪಕ್ಕ ಕೂತ. ಮಗಳು ಮೊದಲಿನಿಂದ ಹೇಳಿದಳು. ನಡುವೆ ಅವನು ಎರಡು ಸಲ ತಡೆದು ಕೇಳಿದ. ಎರಡನೇ ಸಲ ಉತ್ತರ ಕೊಟ್ಟಿದ್ದು "ಅರ್ಧ ಕ್ಯಾನು" ಎನ್ನುತ್ತಿದ್ದವರಲ್ಲೇ ಒಬ್ಬ. ಗಂಟೆ ಹೊಡೆಯುವ ಹೊತ್ತಾಗಿ ಐದು ನಿಮಿಷ ಕಳೆದಿದ್ದರೂ ನಾನು ಹೊಡೆಯಲಿಲ್ಲ. ಹೆಡ್ ಮೇಡಂ ದೂರದಿಂದಲೇ ಬೇಡ ಎಂದು ಕೈಸನ್ನೆ ಮಾಡಿದ್ದರು.

ದರ್ಜಿ ಮತ್ತು ಔಷಧಿ ಅಂಗಡಿಯ ಅಮ್ಮ ಅಂದೇ ಟಿ.ಸಿ. ಬರೆಸಿಕೊಂಡು ಹೋದರು. ಒಂದು ದಿನದ ಪಾಠ ನೋಡಿ ಮಕ್ಕಳ ಭವಿಷ್ಯ ಹೇಗೆ ಹೇಳೋದು ಎಂದರು. ಅದೂ ತಪ್ಪಲ್ಲ. ಕಂಡಕ್ಟರಿಗೆ ಪಾಠ ಹಿಡಿಸಿತ್ತು, ಆದರೆ ಅವರಿಗೆ ವರ್ಗವಾಗಿತ್ತು, ಮನೆಯೇ ಬದಲಾಗುವುದಿತ್ತು. ಹಾಲಿನಣ್ಣ ಕಚೇರಿಯ ಕಡೆ ಹೋಗಲೇ ಇಲ್ಲ. ಅಲ್ಲಿಗೆ ಏಳನೇ ಕ್ಲಾಸಿನಲ್ಲಿ ಉಳಿದವರು ಹದಿನೆಂಟು. ಅವಧಿಯ ಕೊನೆಯ ದಿನ ಮೇಲಿನ ಕಚೇರಿಯವರೊಬ್ಬರು ಬಂದು ಹಾಜರಿ ಪುಸ್ತಕ ಇಟ್ಟುಕೊಂಡು ತಲೆ ಎಣಿಸಿದರು. ಹಾಲಿನಣ್ಣನ ಮಗಳಿಗೆ ಅಂದು ಜ್ವರ. ಅವನು ಗಾಡಿಯಲ್ಲಿ ಕ್ಯಾನುಗಳ ನಡುವೆ ಅವಳನ್ನು ಕಂಬಳಿ ಹೊದಿಸಿ ಕೂರಿಸಿಕೊಂಡು ಬಂದು, ಎಣಿಕೆ ಮುಗಿಸಿ, ವಾಪಸು ಕರೆದುಕೊಂಡು ಹೋದ.

ಕ್ಲಾಸು ಉಳಿಯಿತು. ಲೆಕ್ಕದ ಮೇಡಂ ಉಳಿದ ಎರಡು ವರ್ಷವೂ ಮಧ್ಯಾಹ್ನ ಮನೆಗೆ ಹೋಗಿ ಅಕ್ಕನಿಗೆ ಬಡಿಸಿ ಬಂದರು. ಮೇಲಿನ ಕಚೇರಿಯ ಪತ್ರದ ಸಂಗತಿಯನ್ನು ಅಕ್ಕನಿಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಅಕ್ಕ ಅಂದರಂತೆ, "ನಿನ್ನ ಹೆಜ್ಜೆ ಸಪ್ಪಳ ಎರಡು ತಿಂಗಳಿಂದ ಬೇರೆ ಥರ ಕೇಳಿಸ್ತಿತ್ತು. ನೀನೇ ಹೇಳ್ತೀಯ ಅಂತ ಸುಮ್ನಿದ್ದೆ."

ನನ್ನ ಡಬ್ಬಕ್ಕೆ ಮಕ್ಕಳು "ಅಜ್ಜಿ ಕಾಲು" ಎಂದು ಹೆಸರಿಟ್ಟರು. ಅದು ಏಳನೇ ಕ್ಲಾಸಿನ ಕಪಾಟು ಸೇರಿತು. ಹಾಲಿನಣ್ಣ ಮುದ್ರೆಯಿರುವ ಅಳತೆಯೊಂದನ್ನು ತಂದುಕೊಟ್ಟ. "ಇದಕ್ಕೆ ಬೆರಳು ಗಿರಳು ಸೇರಿಸ್ಬೇಡಿ ಅಜ್ಜಿ" ಎಂದ. ಈ ತನಕ ನನ್ನನ್ನು ಕಂಡಾಗಲೆಲ್ಲ ಅದನ್ನೇ ಹೇಳುತ್ತಾನೆ.

ಮುಂದಿನ ಅವಧಿಯ ಮೊದಲ ವಾರ ಇರಬೇಕು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದರು. ಲೆಕ್ಕದ ಮೇಡಂ ಪುಸ್ತಕವೊಂದನ್ನು ತೆರೆದು ಕೂತಿದ್ದವರು ತಲೆ ಎತ್ತಿ ಕೇಳಿದರು, "ಸೊನ್ನೆಯಿಂದ ಭಾಗಿಸಬಾರದು ಅಂತೀವಲ್ಲ, ಯಾಕೆ ಅಂತ ಯಾರಿಗಾದ್ರೂ ಗೊತ್ತಾ? ನಾಳೆ ಆ ಹುಡುಗಿ ಕೇಳೇ ಕೇಳ್ತಾಳೆ."

ಹೆಡ್ ಮೇಡಂ ಒಂದನೇ ಕ್ಲಾಸಿನ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಲೋಟದ ಒಳಗೆ ನೋಡಿದರು.

"ನನಗೂ ಗೊತ್ತಿಲ್ಲ ಮೇಡಂ" ಎಂದರು ಹೆಡ್ ಮೇಡಂ.

"ಹಾಗಾದ್ರೆ ನಾಳೆ ಮೂರನೇ ಪೀರಿಯಡ್ಡಿಗೆ ಎಲ್ಲರೂ ನನ್ನ ಕ್ಲಾಸಿಗೆ ಬನ್ನಿ" ಎಂದು ಲೆಕ್ಕದ ಮೇಡಂ ಚಹಾ ಮುಗಿಸಿದರು. "ಒಬ್ಬಳೇ ಬೈಸ್ಕೊಳ್ಳೋಕೆ ನನಗೆ ಇಷ್ಟ ಇಲ್ಲ."